ದೊಡ್ಡ ಎಲೆ ಕೈಯಲ್ಲಿದೆ, ಎದುರಿನವನು ಸುಮ್ಮನಿರುತ್ತಿಲ್ಲ: ಪೋಕರ್‌ನಲ್ಲಿ ಅಬ್ಬರದ ಆಟಗಾರರ ಎದುರು ಆಡುವ ಬಗೆ

ಟೆಕ್ಸಾಸ್ ಹೋಲ್ಡೆಮ್ ಆಡುವ ಯಾವ ಮೇಜಿಗೆ ಹೋದರೂ ಅಂಥವನೊಬ್ಬ ಸಿಗುತ್ತಾನೆ. ಎಲೆ ಹಂಚಿ ಮುಗಿಯುವ ಮೊದಲೇ ಚಿಪ್ಸ್ ಮೇಲೆ ಕೈ ಇಟ್ಟಿರುತ್ತಾನೆ. ಹತ್ತು ಸಲ ಎಲೆ ಬಂದರೆ ಐದಾರು ಸಲ ರೈಸ್ ಮಾಡುತ್ತಾನೆ. ಯಾರಾದರೂ ಚೆಕ್ ಎಂದರೆ ಸಾಕು, ಬೆಟ್ ಬಿದ್ದೇ ಬೀಳುತ್ತದೆ. ಅವನ ಎದುರು ಗಂಟೆಗಟ್ಟಲೆ ಫೋಲ್ಡ್ ಮಾಡಿ, ಕೊನೆಗೊಮ್ಮೆ ರಾಜರ ಜೋಡಿ ಬಂದಾಗ ಹೆಚ್ಚಿನವರು ಎರಡರಲ್ಲೊಂದು ಮಾಡುತ್ತಾರೆ. ಸಿಟ್ಟಿನಲ್ಲಿ ಇದ್ದದ್ದನ್ನೆಲ್ಲ ಮುಂದೆ ತಳ್ಳಿ ಅವನನ್ನು ಓಡಿಸುತ್ತಾರೆ, ಇಲ್ಲವೇ ಜಾಣತನ ತೋರಿಸಲು ಹೋಗಿ ಬರೀ ಕಾಲ್ ಮಾಡಿ ಇನ್ನೂ ಮೂವರನ್ನು ಪಾಟ್‌ಗೆ ಕರೆಸಿಕೊಳ್ಳುತ್ತಾರೆ.

ಯಾವಾಗ ರೈಸ್, ಯಾವಾಗ ಕಾಲ್ ಎನ್ನುವುದನ್ನು ನಿಮ್ಮ ಎಲೆಗಿಂತ ಹೆಚ್ಚಾಗಿ ಎದುರಿನವನ ಅಬ್ಬರದ ಬಗೆಯೇ ತೀರ್ಮಾನಿಸುತ್ತದೆ. ಬ್ಲೈಂಡ್, ಫ್ಲಾಪ್, ಟರ್ನ್, ರಿವರ್ ಗೊತ್ತಿದ್ದು, ಇಂಥವರ ಎದುರು ಮಾತ್ರ ತಡವರಿಸುವವರಿಗಾಗಿ ಇದನ್ನು ಬರೆದಿದ್ದೇನೆ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ, ರಾಜ್ಯದ ಪೊಲೀಸ್ ಕಾಯ್ದೆಯ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸುತ್ತದೆ. ಹಾಗಾಗಿ ಇಲ್ಲಿನ ಲೆಕ್ಕವೆಲ್ಲ ಚಿಪ್ಸ್ ಲೆಕ್ಕ. ಗೆಳೆಯರ ಮನೆಯ ಪುಕ್ಕಟೆ ಆಟಕ್ಕೂ ಗೋವಾದ ಕ್ಯಾಸಿನೊ ಮೇಜಿಗೂ ಅದು ಒಂದೇ.

1. ಹಟಮಾರಿಯೋ, ಬೆದರಿಸುವವನೋ?

ಮೊದಲ ಕೆಲಸ ನೋಡುವುದು. ಸತತವಾಗಿ ನಾಲ್ಕು ಸಲ ಒಳ್ಳೆಯ ಎಲೆ ಬಂದವನೂ ದೂರದಿಂದ ಹುಚ್ಚನಂತೆಯೇ ಕಾಣುತ್ತಾನೆ. ಹತ್ತೇ ಕೈ ನೋಡಿ ಯಾರಿಗೂ ಹಣೆಪಟ್ಟಿ ಹಚ್ಚಬೇಡಿ. ಕೊನೆಯಲ್ಲಿ ಎಲೆ ತೆರೆದು ತೋರಿಸಬೇಕಾಗಿ ಬಂದಾಗ ಅವನ ಕೈಯಲ್ಲಿ ಏನಿತ್ತು ಎಂಬುದನ್ನು ನೆನಪಿಡಿ. ಎಲ್ಲರಿಗಿಂತ ಮೊದಲು ಆಡಬೇಕಾದ ಜಾಗದಿಂದ ರೈಸ್ ಮಾಡಿ ಕೊನೆಗೆ 9 ಮತ್ತು 4 ತೋರಿಸಿದರೆ, ಅದೊಂದೇ ಇಪ್ಪತ್ತು ರೈಸ್‌ಗಿಂತ ಹೆಚ್ಚು ಹೇಳುತ್ತದೆ.

ಆಮೇಲೆ ಒಂದೇ ಪ್ರಶ್ನೆ: ಯಾರಾದರೂ ಅವನ ಮೇಲೆ ತಿರುಗಿ ರೈಸ್ ಮಾಡಿದಾಗ ಅವನೇನು ಮಾಡುತ್ತಾನೆ?

ಕೆಲವರು ಬಿಡುವುದೇ ಇಲ್ಲ. ಎರಡನೇ ಜೋಡಿ ಇದ್ದರೂ, ಬರೀ ಎಕ್ಕ ಇದ್ದರೂ ಕೊನೆಯ ಚಿಪ್ಸ್‌ವರೆಗೂ ಬರುತ್ತಾರೆ. ಇವರನ್ನು ಹಟಮಾರಿಗಳು ಎನ್ನೋಣ. ಮೂರೆಲೆ ಆಟದಲ್ಲಿ ಎಲೆ ನೋಡದೆ ಬ್ಲೈಂಡ್ ಆಡಿಯೇ ಪಳಗಿ, ಯುಗಾದಿ ದೀಪಾವಳಿಯ ಇಸ್ಪೀಟಿನಿಂದ ನೇರ ಪೋಕರ್‌ಗೆ ಬಂದವರಲ್ಲಿ ಈ ಜಾತಿ ಹೆಚ್ಚು. ಇನ್ನು ಕೆಲವರು ತಾವಾಗಿ ಫ್ಲಾಪ್, ಟರ್ನ್, ರಿವರ್ ಎಂಬ ಮೂರು ಬೀದಿಯಲ್ಲೂ ಬೆಟ್ ಹಾಕುತ್ತಾರೆ, ಆದರೆ ಎದುರಿನಿಂದ ರೈಸ್ ಬಂದ ತಕ್ಷಣ ಎಲೆ ಎಸೆಯುತ್ತಾರೆ. ಇವರು ಬೆದರಿಸುವವರು. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ಥರ. ಇವರ ಎದುರಿನ ಆಟ ಮಾತ್ರ ಪೂರ್ತಿ ಉಲ್ಟಾ: ಹಟಮಾರಿಯ ಎದುರು ರೈಸ್ ಮಾಡಿ ದುಡಿಯಬೇಕು, ಬೆದರಿಸುವವನ ಎದುರು ಕಾಲ್ ಮಾಡಿ ದುಡಿಯಬೇಕು. ಬೆದರಿಸುವವನ ಮೇಲೆ ರೈಸ್ ಮಾಡಿದರೆ, ಅವನು ಕೊಡಲು ಸಿದ್ಧವಿದ್ದ ಇನ್ನೆರಡು ಬೆಟ್ಟನ್ನು ನೀವೇ ಬೇಡ ಎಂದಂತೆ.

ಮೂರನೆಯ ಜಾತಿಯೂ ಇದೆ, ಅಪರೂಪ. ಅಬ್ಬರಿಸುತ್ತಲೇ ಲೆಕ್ಕ ಬಲ್ಲವನು. 2009ರಲ್ಲಿ ಇಸಿಲ್ದುರ್1 ಎಂಬ ಅಡ್ಡಹೆಸರಿನಲ್ಲಿ ಆನ್‌ಲೈನ್‌ಗೆ ಬಂದ ಸ್ವೀಡನ್ನಿನ ವಿಕ್ಟರ್ ಬ್ಲೊಮ್, ಆಗಿನ ಅತಿ ದೊಡ್ಡ ಆಟಗಾರರನ್ನೆಲ್ಲ ಎದುರು ಹಾಕಿಕೊಂಡು ಲಕ್ಷಾಂತರ ಡಾಲರ್ ಗೆದ್ದ. ಅದೇ ಡಿಸೆಂಬರ್‌ನಲ್ಲಿ ಬ್ರಯಾನ್ ಹೇಸ್ಟಿಂಗ್ಸ್ ಎದುರು ಸುಮಾರು 42 ಲಕ್ಷ ಡಾಲರ್ ಕಳೆದುಕೊಂಡ. ಆ ಸೋಲು ಕೈಗೆ ನಾಲ್ಕು ಎಲೆ ಕೊಡುವ ಒಮಾಹಾ ಆಟದಲ್ಲಿ ಆದದ್ದು, ಹೋಲ್ಡೆಮ್‌ನಲ್ಲಲ್ಲ. ಅಂಥವನು ಮೇಜಿನಲ್ಲಿದ್ದರೆ ನನ್ನ ಸಲಹೆ ಸರಳ: ಬೇರೆ ಮೇಜು ನೋಡಿ.

2. ನಿಮ್ಮ ಎಲೆಯ ನಿಜವಾದ ಬೆಲೆ

ಎದುರಿನವನು ಯಾವುದೋ ಎರಡು ಎಲೆ ಹಿಡಿದಿದ್ದಾನೆ, ಇಬ್ಬರೂ ಕೊನೆಯವರೆಗೆ ಹೋಗುತ್ತೀರಿ ಎಂದುಕೊಳ್ಳಿ. ಎಕ್ಕದ ಜೋಡಿ ಶೇ. 85ರಷ್ಟು ಸಲ ಗೆಲ್ಲುತ್ತದೆ, ರಾಜರ ಜೋಡಿ ಶೇ. 82, ರಾಣಿಯರ ಜೋಡಿ ಶೇ. 80. ಎಕ್ಕ-ರಾಜ ಇವುಗಳ ಪಂಕ್ತಿಯಲ್ಲಿ ಕೂರುವುದಿಲ್ಲ, ಅದರದ್ದು ಸುಮಾರು ಶೇ. 65. ನೋಡಲು ಭರ್ಜರಿ, ಆದರೆ ಫ್ಲಾಪ್‌ನಲ್ಲಿ ಎಕ್ಕವೋ ರಾಜನೋ ಬಂದು ಜೋಡಿಯಾಗುವುದು ಮೂರರಲ್ಲಿ ಒಂದು ಸಲ ಮಾತ್ರ.

ಈಗ ಎಕ್ಕದ ಜೋಡಿಯ ಎದುರು ಒಬ್ಬನ ಬದಲು ಐವರನ್ನು ಕೂರಿಸಿ. ಗೆಲುವು ಶೇ. 49ಕ್ಕೆ ಇಳಿಯುತ್ತದೆ. ಮೂವರಾದರೆ ಶೇ. 64. ನಿಮ್ಮ ಎಲೆ ಬದಲಾಗಿಲ್ಲ, ಪಾಟ್‌ನಲ್ಲಿರುವ ತಲೆಗಳು ಹೆಚ್ಚಾಗಿವೆ ಅಷ್ಟೇ. ಅಬ್ಬರದವನೊಬ್ಬನನ್ನೇ ಎದುರಿಗೆ ಉಳಿಸಿಕೊಂಡು ಉಳಿದವರನ್ನು ಹೊರಗೆ ಹಾಕಬೇಕು ಎನ್ನುವುದು ಇದಕ್ಕೇ.

ಇನ್ನೊಂದು ಲೆಕ್ಕವನ್ನು ಜನ ಮರೆಯುತ್ತಾರೆ. ಒಂದು ನಿರ್ದಿಷ್ಟ ಜೋಡಿ ಬರುವುದು 221 ಕೈಗಳಿಗೊಮ್ಮೆ. ಎಕ್ಕ, ರಾಜ, ರಾಣಿ ಈ ಮೂರು ಜೋಡಿಗಳಲ್ಲಿ ಯಾವುದಾದರೊಂದು ಬರಲು ಸರಾಸರಿ 74 ಕೈ ಬೇಕು. ಗಂಟೆಗೆ ಮೂವತ್ತು ಕೈ ಆಡುವ ಮೇಜಿನಲ್ಲಿ ಅದು ಎರಡೂವರೆ ಗಂಟೆ. ಅಷ್ಟರಲ್ಲಿ ಅವನು ಬೇರೆ ಯಾರಿಗಾದರೂ ಎಲ್ಲವನ್ನೂ ಸೋತು ಎದ್ದು ಹೋಗಿರುತ್ತಾನೆ. ಹಾಗಾಗಿ ಇವನ ಎದುರು 'ಬಲವಾದ ಎಲೆ' ಎಂಬ ಗೆರೆಯನ್ನು ಕೆಳಗಿಳಿಸಿ. ಗುಲಾಮರ ಜೋಡಿ, ಹತ್ತರ ಜೋಡಿ, ಒಂಬತ್ತರ ಜೋಡಿ, ಎಕ್ಕ-ರಾಣಿ, ಎಕ್ಕ-ಗುಲಾಮ ಎಲ್ಲವೂ ಇಲ್ಲಿ ದೊಡ್ಡ ಎಲೆಗಳೇ. ಎಲೆ ನೋಡದೆಯೇ ಆಲ್ ಇನ್, ಅಂದರೆ ಇದ್ದ ಚಿಪ್ಸ್ ಎಲ್ಲವನ್ನೂ, ಹಾಕುವವನ ಎದುರು ಏಳರ ಜೋಡಿ ಕೂಡ ಮೂರರಲ್ಲಿ ಎರಡು ಸಲ ಗೆಲ್ಲುತ್ತದೆ.

3. ಕುರ್ಚಿ

ಆಟ ಎಡಕ್ಕೆ ಸಾಗುತ್ತದೆ. ಅವನ ಎಡಗಡೆ ಕೂತರೆ ಅವನು ಏನು ಮಾಡಿದ ಎಂದು ನೋಡಿಯೇ ನೀವು ಆಡಬಹುದು, ನಿಮ್ಮ ರೈಸ್ ಅವನ ಹಿಂದಿರುವ ಉಳಿದವರನ್ನೂ ಹೆದರಿಸುತ್ತದೆ. ಕುರ್ಚಿ ಖಾಲಿಯಾದರೆ ನಾಚಿಕೆ ಬಿಟ್ಟು ಕೇಳಿ ತೆಗೆದುಕೊಳ್ಳಿ.

ಅವನೇ ನಿಮ್ಮ ಎಡಕ್ಕೆ ಸಿಕ್ಕಿಬಿದ್ದರೆ ಒಂದು ಉಪಾಯವಿದೆ. ಎಕ್ಕದ ಜೋಡಿಗೆ ರೈಸ್ ಮಾಡದೆ ಬ್ಲೈಂಡ್‌ನಷ್ಟೇ ಹಾಕಿ ಒಳಗೆ ಬನ್ನಿ. ಅವನು ರೈಸ್ ಮಾಡುತ್ತಾನೆ, ನಡುವಿನ ಒಬ್ಬಿಬ್ಬರು ಕಾಲ್ ಮಾಡುತ್ತಾರೆ, ಸರದಿ ಮತ್ತೆ ನಿಮಗೆ ಬಂದಾಗ ಭಾರಿಯಾಗಿ ಏರಿಸಿ. ನಡುವಿನವರ ಚಿಪ್ಸ್ ಅಲ್ಲೇ ಸತ್ತುಬೀಳುತ್ತದೆ. ಸಾಮಾನ್ಯ ಮೇಜಿನಲ್ಲಿ ಈ ಲಿಂಪ್ ಆಟವನ್ನು ನಾನು ಒಪ್ಪುವುದಿಲ್ಲ. ಐವರು ಅಗ್ಗದಲ್ಲಿ ಫ್ಲಾಪ್ ನೋಡಿ, ಅವರಲ್ಲೊಬ್ಬ ಎರಡು ಜೋಡಿ ಕಟ್ಟಿ ಹೋಗುತ್ತಾನೆ. ಎಡಗಡೆಯವನು ರೈಸ್ ಮಾಡಿಯೇ ಮಾಡುತ್ತಾನೆ ಎಂಬ ಖಾತ್ರಿ ಇದ್ದಾಗ ಮಾತ್ರ ಇದಕ್ಕೆ ಅರ್ಥ.

4. ಫ್ಲಾಪ್‌ಗೆ ಮುಂಚೆ

ಅನುಮಾನ ಬಂದರೆ ರೈಸ್ ಮಾಡಿ. ಅವನು 400ಕ್ಕೆ ಏರಿಸಿದ್ದರೆ, ನೀವು ಅವನ ನಂತರ ಆಡುವ ಜಾಗದಲ್ಲಿದ್ದರೆ 1,200ರಿಂದ 1,300. ಬ್ಲೈಂಡ್‌ನಲ್ಲಿ ಕೂತು ಮುಂದೆ ಪ್ರತಿ ಸಲ ಮೊದಲು ಆಡಬೇಕಿದ್ದರೆ 1,600. ಹಟಮಾರಿಯಾದರೆ 1,800 ಎಂದರೂ ಕಾಲ್ ಮಾಡುತ್ತಾನೆ, ಹಾಗಾದರೆ 1,800 ಹಾಕಿ. ಎಷ್ಟಕ್ಕೆ ಬರುತ್ತಾನೋ ಅಷ್ಟೂ ವಸೂಲಿ ಮಾಡುವುದು, ಇದರಲ್ಲಿ ಸೌಜನ್ಯದ ಪ್ರಶ್ನೆಯಿಲ್ಲ.

ರೈಸ್ ಮಾಡದೆ ಬರೀ ಕಾಲ್ ಮಾಡಬಹುದಾದದ್ದು ಯಾವಾಗ? ಅವನು ಬೆದರಿಸುವ ಜಾತಿಯವನಾಗಿರಬೇಕು, ನೀವು ಅವನ ನಂತರ ಆಡುವ ಜಾಗದಲ್ಲಿರಬೇಕು, ನಿಮ್ಮ ಹಿಂದೆ ಯಾರೂ ಉಳಿದಿರಬಾರದು ಅಥವಾ ಉಳಿದವರು ಎಲೆ ಎಸೆಯುವ ಸ್ವಭಾವದವರಾಗಿರಬೇಕು. ಇದಿಷ್ಟೂ ಕೂಡಿಬಂದಾಗ ಎಕ್ಕದ ಜೋಡಿಗೋ ರಾಜರ ಜೋಡಿಗೋ ಕಾಲ್ ಮಾಡಿ ಅವನನ್ನು ಅವನ ಪಾಡಿಗೆ ಬಿಡಿ. ಗುಲಾಮರ ಜೋಡಿಗೆ ಈ ಆಟ ಬೇಡ, ಅದಕ್ಕೆ ಫ್ಲಾಪ್‌ನಲ್ಲಿ ಬರಬಹುದಾದ ಅಪಾಯ ಜಾಸ್ತಿ.

ಎಕ್ಕ-ರಾಜಕ್ಕೆ ಕಾಲ್‌ಗಿಂತ ರೈಸ್ ಮೇಲು. ಈಗಲೇ ಪಾಟ್ ಗೆದ್ದರೂ ಲಾಭ, ಕಾಲ್ ಬಂದರೂ ಎಕ್ಕ-10, ಎಕ್ಕ-9, ರಾಜ-ರಾಣಿಯಂಥ ಎಲೆಗಳಿಂದಲೇ ಹೆಚ್ಚಾಗಿ ಬರುತ್ತದೆ. ಅವೆಲ್ಲ ನಿಮ್ಮ ಕೈಗೆ ಸಿಕ್ಕಿಬೀಳುವ ಎಲೆಗಳು.

ರಾಜರ ಜೋಡಿ ಹಿಡಿದು ಅವನಲ್ಲಿ ಎಕ್ಕದ ಜೋಡಿ ಇದ್ದರೆ ಎಂದು ಹೆದರುವವರಿಗೆ ಒಂದು ಅಂಕಿ: ಒಬ್ಬನೇ ಎದುರಾಳಿಯ ಕೈಯಲ್ಲಿ ಅದು ಇರುವ ಸಾಧ್ಯತೆ 1,225ರಲ್ಲಿ 6, ಅಂದರೆ ಶೇ. ಅರ್ಧದಷ್ಟು. ಎಲ್ಲದಕ್ಕೂ ರೈಸ್ ಮಾಡುವವನ ಎದುರು ಫ್ಲಾಪ್‌ಗೆ ಮುಂಚೆ ರಾಜರ ಜೋಡಿಯನ್ನು ಎಸೆಯಲು ಯಾವ ಕಾರಣವೂ ಇಲ್ಲ.

5. ಒಂದು ಕೈಯನ್ನು ಬಿಡಿಸಿ ನೋಡೋಣ

ಬ್ಲೈಂಡ್ 50-100, ಇಬ್ಬರ ಮುಂದೆಯೂ 10,000 ಚಿಪ್ಸ್. ಅವನು ನಿಮಗಿಂತ ಒಂದು ಕುರ್ಚಿ ಮೊದಲು ಕೂತು 400ಕ್ಕೆ ಏರಿಸಿದ. ನೀವು ಬಟನ್‌ನಲ್ಲಿ, ಅಂದರೆ ಫ್ಲಾಪ್‌ನಿಂದ ಮುಂದೆ ಎಲ್ಲರಿಗಿಂತ ಕೊನೆಗೆ ಆಡುವ ಜಾಗದಲ್ಲಿ, ಕೈಯಲ್ಲಿ ಇಸ್ಪೀಟ್ ರಾಜ, ಕಳಾವರ್ ರಾಜ. 1,300 ಮಾಡಿದಿರಿ, ಬ್ಲೈಂಡ್‌ನವರು ಎಲೆ ಎಸೆದರು, ಅವನು ಕಾಲ್ ಮಾಡಿದ. ಪಾಟ್ 2,750. ಇಬ್ಬರ ಬಳಿಯೂ ಉಳಿದದ್ದು 8,700.

ಫ್ಲಾಪ್: ಆಟೀನ್ ಗುಲಾಮ, ಆಟೀನ್ 8, ಕಳಾವರ್ 3. ಅವನು ಕಾಯದೆ 2,000 ಬೆಟ್ ಹಾಕಿದ.

ಇಲ್ಲಿ ಹಟಮಾರಿಯಾಗಿದ್ದರೆ ನೇರ ಆಲ್ ಇನ್. ಗುಲಾಮನೊಬ್ಬ ಇದ್ದರೂ ಬರುತ್ತಾನೆ, ಎರಡು ಆಟೀನ್ ಇದ್ದರೂ ಬರುತ್ತಾನೆ, ಅವನ ಡ್ರಾ (ಇನ್ನೊಂದು ಎಲೆಗೆ ಕಾಯುತ್ತಿರುವ ಕೈ) ಕೂಡುವ ಮೊದಲೇ ದರ ಕಟ್ಟಿಸಿಕೊಳ್ಳಿ. ಬೆದರಿಸುವವನಾಗಿದ್ದರೆ ಕಾಲ್ ಮಾಡಿ. ನೆಲದಲ್ಲಿ ಎರಡು ಆಟೀನ್ ಇರುವುದರಿಂದ ಕಾಲ್‌ಗೂ ಒಂದು ಬೆಲೆಯಿದೆ ಎನ್ನುವುದು ನಿಜ, ಮುಂದಿನ ಎಲೆಯಲ್ಲಿ ಫ್ಲಶ್ ಕೂಡುವುದು ಐದರಲ್ಲಿ ಒಂದು ಸಲ. ಆದರೆ ಅವನು ಏನೂ ಇಲ್ಲದೆ ಹಾಕುವ ಬೆಟ್‌ಗಳು ಆ ನಷ್ಟವನ್ನು ತುಂಬಿಕೊಡುತ್ತವೆ.

ಬೆದರಿಸುವವನೇ ಎಂದಿಟ್ಟುಕೊಂಡು ಕಾಲ್ ಮಾಡಿದಿರಿ. ಪಾಟ್ 6,750. ಟರ್ನ್: ಇಸ್ಪೀಟ್ 5. ಅವನು ಉಳಿದ 6,700 ಎಲ್ಲವನ್ನೂ ಮುಂದೆ ತಳ್ಳಿದ.

ಹೆಚ್ಚಿನವರ ಎದೆ ಢವಢವ ಎನ್ನುವುದು ಇಲ್ಲಿಯೇ. 'ಸೆಟ್ (ಒಂದೇ ಬೆಲೆಯ ಮೂರು ಎಲೆ) ಇರಬೇಕು' ಎಂದು ರಾಜರನ್ನು ಎಸೆಯುತ್ತಾರೆ. ಎಣಿಸಿ. ನಿಮ್ಮನ್ನು ಸೋಲಿಸುವ ಮುಖ್ಯ ಕೈಗಳು: ಗುಲಾಮರ ಸೆಟ್ 3 ಬಗೆ, ಎಂಟರ ಸೆಟ್ 3, ಮೂರರ ಸೆಟ್ 3, ಐದರ ಸೆಟ್ 3, ಒಂದೇ ಬಣ್ಣದ ಗುಲಾಮ-8 ಮತ್ತೆ 3. ಒಟ್ಟು 15. ಎಕ್ಕದ ಜೋಡಿಯಿದ್ದಿದ್ದರೆ ಇಂಥವನು ಫ್ಲಾಪ್‌ಗೆ ಮೊದಲೇ ಮತ್ತೊಮ್ಮೆ ಏರಿಸುತ್ತಿದ್ದ.

ಈಗ ನೀವು ಸೋಲಿಸುವವು. ಎಕ್ಕ-ಗುಲಾಮ ಒಂದೇ 12 ಬಗೆಯಲ್ಲಿ ಬರುತ್ತದೆ. ರಾಣಿ-ಗುಲಾಮ ಇನ್ನೊಂದು 12. ಎರಡೂ ಕಡೆ ಸ್ಟ್ರೇಟ್ ಕಾಯುತ್ತಿರುವ 10-9 ಬರುವುದು 16 ಬಗೆಯಲ್ಲಿ. ಆಟೀನ್ ಎಕ್ಕದ ಜೊತೆ ಇನ್ನೊಂದು ಆಟೀನ್, 10. ಒಟ್ಟು 50.

ನೀವು 6,700 ಹಾಕಿದರೆ ಪಾಟ್ 20,150 ಆಗುತ್ತದೆ. ಮೂರರಲ್ಲಿ ಒಂದು ಸಲ ಗೆದ್ದರೆ ಅಸಲು ಬಂತು. ಮೇಲಿನ ಲೆಕ್ಕದಲ್ಲಿ, ರಿವರ್‌ನಲ್ಲಿ ಅವನ ಡ್ರಾ ಕೂಡುವುದನ್ನೂ ಕಳೆದರೆ, ನೀವು ಗೆಲ್ಲುವುದು ಮೂರರಲ್ಲಿ ಸುಮಾರು ಎರಡು ಸಲ. ಅವನನ್ನು ಸ್ವಲ್ಪ ಹೆಚ್ಚು ಗೌರವದಿಂದ ಕಂಡು ರಾಣಿ-ಗುಲಾಮವನ್ನು ಪೂರ್ತಿ, ಡ್ರಾಗಳಲ್ಲಿ ಅರ್ಧವನ್ನು ತೆಗೆದುಹಾಕಿದರೂ ಗೆಲುವು ಅರ್ಧಕ್ಕಿಂತ ಕೆಳಗೆ ಹೋಗುವುದಿಲ್ಲ. ಯೋಚಿಸುವ ನಾಟಕ ಬೇಡ, ಕಾಲ್.

ಇದೇ ಬೋರ್ಡ್, ಇದೇ ಬೆಟ್, ಆದರೆ ಹಾಕಿದವನು ಸಂಜೆಯಿಂದ ಎರಡೇ ಕೈ ಆಡಿದ ಮೌನಿ ಎಂದುಕೊಳ್ಳಿ. 10-9, ರಾಣಿ-ಗುಲಾಮ ಎರಡೂ ಪಟ್ಟಿಯಿಂದ ಬಿದ್ದುಹೋದವು. ಆಗ ಅದೇ ರಾಜರನ್ನು ಎಸೆಯುವುದು ಸರಿಯಾಗಬಹುದು.

6. ನೆಲಕ್ಕೆ ಬೇಡದ ಎಲೆ ಬಂದಾಗ

ರಾಜರ ಜೋಡಿ ಹಿಡಿದಾಗ ಫ್ಲಾಪ್‌ನಲ್ಲಿ ಎಕ್ಕ ಕಾಣಿಸಿಕೊಳ್ಳುವುದು ಶೇ. 23ರಷ್ಟು ಸಲ. ರಾಣಿಯರಿದ್ದಾಗ ಎಕ್ಕವೋ ರಾಜನೋ ಬರುವುದು ಶೇ. 41. ಗುಲಾಮರಿದ್ದರೆ ಮೇಲಿನ ಎಲೆಯೊಂದು ಬರುವುದು ಶೇ. 57, ಅರ್ಧಕ್ಕಿಂತ ಜಾಸ್ತಿ. ಇದು ದುರದೃಷ್ಟವಲ್ಲ, ಮಾಮೂಲು.

ಎಕ್ಕ ಬಿದ್ದ ಕೂಡಲೇ ಅಬ್ಬರದವನು ಬೆಟ್ ಹಾಕುತ್ತಾನೆ, ಇದ್ದರೂ ಹಾಕುತ್ತಾನೆ, ಇಲ್ಲದಿದ್ದರೂ ಹಾಕುತ್ತಾನೆ. ಇಲ್ಲಿ ರೈಸ್ ಮಾಡಬೇಡಿ. ಕೆಳಗಿನ ಕೈಗಳೆಲ್ಲ ಓಡಿ, ಎಕ್ಕ ಇರುವವನು ಮಾತ್ರ ಉಳಿಯುತ್ತಾನೆ. ಕಾಲ್ ಮಾಡುತ್ತ ಹೋಗಿ, ಬೆಟ್‌ನ ಗಾತ್ರ ನೋಡಿ. ಪಾಟ್‌ನ ಅರ್ಧ ಹಾಕಿದರೆ ನೀವು ನಾಲ್ಕರಲ್ಲಿ ಒಂದು ಸಲ ಸರಿಯಿದ್ದರೆ ಸಾಕು, ಪೂರ್ತಿ ಪಾಟ್ ಹಾಕಿದರೆ ಮೂರರಲ್ಲಿ ಒಂದು, ಪಾಟ್‌ನ ದುಪ್ಪಟ್ಟು ಹಾಕಿದರೆ ಐದರಲ್ಲಿ ಎರಡು. ಮೂರನೇ ಬೀದಿಯಲ್ಲೂ ಬ್ಲಫ್ ಮಾಡುವವನು ಎಂದು ಕಣ್ಣಾರೆ ನೋಡಿದ್ದರೆ ಮಾತ್ರ ರಿವರ್‌ನಲ್ಲಿ ಕಾಲ್ ಮಾಡಿ. ಎರಡು ಬೆಟ್ ಹಾಕಿ ರಿವರ್‌ನಲ್ಲಿ ಕೈಬಿಡುವವರೇ ಜಾಸ್ತಿ, ಅಂಥವರ ಮೂರನೇ ಬೆಟ್‌ಗೆ ತೂಕವಿದೆ.

ಒಣ ಬೋರ್ಡ್, ಅಂದರೆ ರಾಣಿ-7-2 ಮೂರೂ ಬೇರೆ ಬೇರೆ ಬಣ್ಣದಲ್ಲಿ ಬಿದ್ದಿದ್ದು ನಿಮ್ಮ ಕೈಯಲ್ಲಿ ರಾಜರೋ ಎಕ್ಕವೋ ಇದ್ದರೆ, ಚೆಕ್ ಮಾಡಿ ಬೆಟ್ ಹಾಕುವುದನ್ನು ಅವನಿಗೇ ಬಿಡುವುದರಲ್ಲಿ ತಪ್ಪಿಲ್ಲ. ಈ ಬಗೆಯ ಬಲೆಗೆ ಎಲ್ಲರೂ ಕೊಡುವ ಉದಾಹರಣೆ 1988ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಫೈನಲ್. ಜಾನಿ ಚಾನ್‌ಗೆ ಗುಲಾಮ-9, ಫ್ಲಾಪ್‌ನಲ್ಲಿ ರಾಣಿ-10-8 ಬಿದ್ದು ಸ್ಟ್ರೇಟ್ ಆಗಲೇ ಕೂಡಿತ್ತು. ಬಲವನ್ನು ಕೊನೆಯವರೆಗೂ ತೋರಿಸಿಕೊಳ್ಳದೆ ಕಾದ. ರಾಣಿ ಜೋಡಿಯಾಗಿದ್ದ ಎರಿಕ್ ಸೈಡಲ್ ರಿವರ್‌ನಲ್ಲಿ ಆಲ್ ಇನ್ ಹಾಕಿದ, ಚಾನ್ ಸತತ ಎರಡನೇ ಸಲ ಪ್ರಶಸ್ತಿ ಗೆದ್ದ. ಚಾನ್ ಕಾದದ್ದು ಒಬ್ಬನೇ ಎದುರಾಳಿಯ ಮುಂದೆ, ಆ ಬೋರ್ಡ್‌ನ ಅತಿ ದೊಡ್ಡ ಕೈ ಹಿಡಿದು. ಬರೀ ಒಂದು ಜೋಡಿ ಹಿಡಿದು, ಮೂವರು ಕೂತ ಪಾಟ್‌ನಲ್ಲಿ ಹಾಗೆ ಕಾಯುವುದು ಬೇರೆಯದೇ ಕಥೆ, ಅದರ ಫಲವೂ ಬೇರೆ.

7. ಯಾವಾಗ ಬಿಡಬೇಕು

ಎರಡು ಸನ್ನಿವೇಶ. ಮೊದಲನೆಯದು, ನೀವು ಮತ್ತು ಅಬ್ಬರದವನು ಗುದ್ದಾಡುತ್ತಿರುವ ಪಾಟ್‌ಗೆ ಮೂರನೆಯ ಸಾಧು ಆಟಗಾರನೊಬ್ಬ ರೈಸ್ ಮಾಡಿ ಬಂದಾಗ. ಅವನಿಗೆ ಇಬ್ಬರ ರೈಸೂ ಕಾಣಿಸಿದೆ, ಆದರೂ ಬಂದಿದ್ದಾನೆ. ಈಗ ನಿಮ್ಮ ಎದುರಾಳಿ ಅವನೇ, ಅಬ್ಬರದವನು ನೆಪಮಾತ್ರ. ಹತ್ತರ ಜೋಡಿ, ಎಕ್ಕ-ರಾಣಿಗಳನ್ನು ಅಲ್ಲೇ ಇಟ್ಟುಬಿಡಿ.

ಎರಡನೆಯದು, ಸದಾ ಬೆಟ್ ಹಾಕುವವನು ಇದ್ದಕ್ಕಿದ್ದಂತೆ ತಣ್ಣಗಾದಾಗ. ಫ್ಲಾಪ್‌ನಲ್ಲಿ ಕಾಲ್, ಟರ್ನ್‌ನಲ್ಲಿ ಕಾಲ್, ರಿವರ್‌ನಲ್ಲಿ ನಿಮ್ಮ ಬೆಟ್ ಮೇಲೆ ರೈಸ್. ತನ್ನ ರೂಢಿಯನ್ನು ಅವನು ಮುರಿದನೆಂದರೆ ಕಾರಣವಿರುತ್ತದೆ, ಒಂದು ಜೋಡಿಗೆ ಅಲ್ಲಿ ಗೆಲುವು ವಿರಳ.

8. ಸೋಲಿನ ಲೆಕ್ಕ

ಶೇ. 80ರ ಮೇಲುಗೈ ಇಟ್ಟುಕೊಂಡು ಮೂರು ಸಲ ಆಲ್ ಇನ್ ಆದರೆ ಮೂರನ್ನೂ ಗೆಲ್ಲುವ ಸಾಧ್ಯತೆ ಶೇ. 51 ಮಾತ್ರ. ಅಂದರೆ ಎಲ್ಲವನ್ನೂ ಸರಿಯಾಗಿ ಮಾಡಿದ ಸಂಜೆಗಳಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಸಂಜೆ ಒಂದಾದರೂ ದೊಡ್ಡ ಪಾಟ್ ಅವನ ಪಾಲಾಗುತ್ತದೆ. 7-2 ತೋರಿಸಿ ನಗುತ್ತಾನೆ, ಮೇಜೆಲ್ಲ ನಗುತ್ತದೆ. ಆಟ ಹೇಳಿಕೊಡಲು ಹೋಗಬೇಡಿ. 'ಅಷ್ಟಕ್ಕೆ ಕಾಲ್ ಮಾಡ್ತಾರಾ?' ಎಂದು ಬೈದರೆ ಅವನು ಎದ್ದು ಹೋಗಬಹುದು, ಅದಕ್ಕಿಂತ ಕೆಟ್ಟದ್ದು ಸರಿಯಾಗಿ ಆಡಲು ಕಲಿಯಬಹುದು.

ಕೂರುವ ಮೊದಲೇ ಎಷ್ಟು ಸಲ ಚಿಪ್ಸ್ ತುಂಬಿಸಿಕೊಳ್ಳುತ್ತೀರಿ ಎಂದು ನಿರ್ಧರಿಸಿ. ಇಂಥವನಿರುವ ಮೇಜಿನಲ್ಲಿ ಏರಿಳಿತ ಮಾಮೂಲಿಗಿಂತ ಜಾಸ್ತಿ. ಒಂದೇ ಭರ್ತಿಗೆ ಬಂದಿದ್ದರೆ ಮೊದಲ ಸೋಲಿಗೇ ನಿಮ್ಮ ಕೈ ಅಂಜುತ್ತದೆ, ಆಮೇಲೆ ಮೇಲಿನ ಕಾಲ್‌ಗಳನ್ನು ಮಾಡಲು ಧೈರ್ಯ ಬರುವುದಿಲ್ಲ. ಅವನು ಗೆದ್ದು ಗೆದ್ದು 30,000 ಚಿಪ್ಸ್ ಗುಡ್ಡೆ ಹಾಕಿದ್ದರೆ, ನೀವೂ ತುಂಬಿಸಿಕೊಂಡು ಅಷ್ಟೇ ಆಳಕ್ಕಿಳಿದಿದ್ದರೆ, ಒಂದು ಜೋಡಿಗೆ ಎಲ್ಲವನ್ನೂ ಹಾಕುವ ಮುನ್ನ ತಡೆಯಿರಿ. ಮೇಲಿನ ಲೆಕ್ಕ ನೂರು ಬ್ಲೈಂಡ್ ಆಳದ್ದು, ಮುನ್ನೂರಕ್ಕೆ ಹಾಗೇ ಎತ್ತಿ ಇಡಲು ಬರುವುದಿಲ್ಲ.

ಅವನು ಎದ್ದು ಹೋದ ಮೇಲೆ ಒಂಬತ್ತರ ಜೋಡಿ, ಎಕ್ಕ-ಗುಲಾಮ ಮತ್ತೆ ಸಾಧಾರಣ ಎಲೆಗಳು. ಇಳಿಸಿದ್ದ ಗೆರೆಯನ್ನು ಆ ಕೈಯಿಂದಲೇ ಮೇಲೆತ್ತಿ, ಮೇಜಿನಲ್ಲಿ ಉಳಿದವರು ನಿಮ್ಮ ಇಷ್ಟೊತ್ತಿನ ರೈಸ್‌ಗಳನ್ನು ನೋಡಿ ನಿಮ್ಮನ್ನೇ ಅಬ್ಬರದವನು ಎಂದುಕೊಂಡಿರುತ್ತಾರೆ, ಮುಂದಿನ ರಾಜರ ಜೋಡಿಗೆ ಅವರಿಂದಲೇ ಕಾಲ್ ಬರುತ್ತದೆ.